ಸಂಜೆಯ ಬಿಸಿಲಿಗೆ ಯಾವ ಜೋಗ? ಉಂಚಳ್ಳಿ, ಮಾಗೋಡು, ಅಪ್ಸರಕೊಂಡ

ನವರಾತ್ರಿ ಮುಗಿದು ದೀಪಾವಳಿ ಹತ್ತಿರ ಬಂತೆಂದರೆ ಬೆಂಗಳೂರು, ಹುಬ್ಬಳ್ಳಿ ಕಡೆಯ ನೆಂಟರಿಂದ ನನಗೆ ಒಂದೇ ಥರದ ಫೋನು. "ಅಣ್ಣಾ, ಕಾಡೊಳಗೆ ಸ್ವಲ್ಪ ನಡೀಬೇಕು, ಜೋಗ ನೋಡ್ಬೇಕು, ಸೂರ್ಯ ಮುಳುಗೋದೂ ಅಲ್ಲೇ ಕಾಣ್ಬೇಕು. ಎಲ್ಲಿಗೆ ಹೋಗೋದು?" ನಮ್ಮ ಕಡೆ ಯಾವ ಜಲಪಾತವಾದರೂ ಜೋಗವೇ. ಶಿರಸಿಯಲ್ಲೇ ಹುಟ್ಟಿ ಶಿರಸಿಯಲ್ಲೇ ಉಳಿದ ತಪ್ಪಿಗೆ ಇಡೀ ಬಳಗಕ್ಕೆ ನಾನು ಪುಕ್ಕಟೆ ಗೈಡು. ಮೊದಲೆಲ್ಲ ಬಾಯಿಗೆ ಬಂದ ಹೆಸರು ಹೇಳಿ ಕಳಿಸುತ್ತಿದ್ದೆ. ಬಂದವರು ಉಂಚಳ್ಳಿಯಲ್ಲಿ ಸೂರ್ಯ ಕಾಣದೆ, ಜೇನುಕಲ್ಲು ಗುಡ್ಡದಲ್ಲಿ ಜೋಗ ಕಾಣದೆ, ವಾಪಸು ಮನೆಗೆ ಬಂದು ಕಷಾಯ ಕುಡಿಯುತ್ತ ನನ್ನ ಮುಖ ನೋಡುತ್ತಿದ್ದರು. ಅದಕ್ಕೇ ಈಗ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ತೊಡಕು ಇರುವುದು ದಿಕ್ಕಿನಲ್ಲಿ. ಕಾಳಿ, ಬೇಡ್ತಿ, ಅಘನಾಶಿನಿ, ಶರಾವತಿ ನಾಲ್ಕೂ ಘಟ್ಟ ಇಳಿದು ಪಡುವಣ ಕಡಲು ಸೇರುವ ಹೊಳೆಗಳು. ಘಟ್ಟದ ಅಂಚಿನಲ್ಲಿ ಅವು ಬೀಳುವುದೂ ಬಹುಮಟ್ಟಿಗೆ ಕಡಲ ಕಡೆಗೆ ಮುಖ ಮಾಡಿಯೇ. ಹಾಗಾಗಿ ಜೋಗದ ಮುಖ ನೋಡುತ್ತ ನಿಂತವನ ಬೆನ್ನ ಹಿಂದೆ ಸೂರ್ಯ ಮುಳುಗುತ್ತಾನೆ. ಒಂದೇ ಜಾಗದಲ್ಲಿ ನಿಂತು ಎರಡನ್ನೂ ನೋಡುತ್ತೇನೆಂದರೆ ಕತ್ತು ನೋಯುತ್ತದೆ, ಅಷ್ಟೇ. ಹೊರಡುವ ಮೊದಲು ನಿಮಗೆ ಬೇಕಿರುವುದು ಸೂರ್ಯನ ಕೆಂಪು ಚೆಂಡೋ, ಅವನ ಕೊನೆಯ ಬಿಸಿಲು ಬಿದ್ದ ನೀರೋ ಎಂದು ತೀರ್ಮಾನಿಸಿಕೊಳ್ಳಿ. ಮೊದಲನೆಯದಾದರೆ ಗುಡ್ಡದ ನೆತ್ತಿಗೆ ಹೋಗಬೇಕು, ಎರಡನೆಯದಾದರೆ ಕಣಿವೆಯ ಅಂಚಿಗೆ.

ನನ್ನನ್ನು ಕೇಳಿದರೆ ಎರಡನೆಯದೇ ಹೆಚ್ಚು. ಸೂರ್ಯ ಮುಳುಗುವುದನ್ನು ಕಾರವಾರದ ಬೀಚಿನಲ್ಲಿ ಕಡಲೆ ತಿನ್ನುತ್ತಲೂ ನೋಡಬಹುದು. ಆದರೆ ಬೆನ್ನಿಗೆ ಇಳಿಬಿಸಿಲು, ಎದುರಿಗೆ ಜೋಗದ ತುಂತುರು ಸಿಕ್ಕರೆ ಕಾಮನಬಿಲ್ಲು ಬಹುತೇಕ ಖಾತ್ರಿ. ನಿಮ್ಮ ತಲೆಯ ನೆರಳು ಬೀಳುವ ದಿಕ್ಕಿನಿಂದ ಸುಮಾರು 42 ಡಿಗ್ರಿ ಆಚೆಗೆ ಅದು ಮೂಡುತ್ತದೆ. ಹೊತ್ತು ಇಳಿದಂತೆಲ್ಲ ಬಿಲ್ಲು ಕಣಿವೆಯ ತಳದಿಂದ ಮೇಲೇರುತ್ತ ಬರುತ್ತದೆ. ಆ ಹೊತ್ತಿನಲ್ಲಿ ನೀರಿನ ಬಿಳಿ ಹಾಲಿನ ಬಿಳಿಯಾಗಿ ಉಳಿದಿರುವುದಿಲ್ಲ, ಕಾಯಿಸಿದ ಬೆಣ್ಣೆಯ ಬಣ್ಣಕ್ಕೆ ತಿರುಗಿರುತ್ತದೆ.

ಇಲ್ಲೊಂದು ಮೋಸವೂ ಇದೆ. ಕಣಿವೆಯೊಳಗಿನ ಸಂಜೆ ಪಂಚಾಂಗದ ಸಂಜೆಯಲ್ಲ. ಪಂಚಾಂಗದಲ್ಲಿ ಸೂರ್ಯಾಸ್ತ 6ಕ್ಕೆ ಎಂದಿದ್ದರೂ ಪಡುವಣದ ಗುಡ್ಡದ ಸಾಲು ಎತ್ತರವಿದ್ದರೆ ಬಿಸಿಲು 5ಕ್ಕೇ ಕೈಕೊಡುತ್ತದೆ. ಇದನ್ನು ಅಳೆಯಲು ಸುಲಭದ ದಾರಿಯೊಂದಿದೆ. ತೋಳನ್ನು ಪೂರ್ತಿ ಮುಂದೆ ಚಾಚಿ, ಅಂಗೈ ನಿಮ್ಮ ಕಡೆಗಿರುವಂತೆ ನಾಲ್ಕು ಬೆರಳನ್ನು ಅಡ್ಡ ಹಿಡಿಯಿರಿ. ಸೂರ್ಯನಿಗೂ ಎದುರಿನ ಗುಡ್ಡದ ಅಂಚಿಗೂ ನಡುವೆ ಎಷ್ಟು ಬೆರಳು ಹಿಡಿಸುತ್ತದೆ ನೋಡಿ. ಒಂದು ಬೆರಳಿಗೆ ಹೆಚ್ಚುಕಡಿಮೆ ಕಾಲು ಗಂಟೆ. ನಾಲ್ಕು ಬೆರಳು ಹಿಡಿಸಿದರೆ ಬಿಸಿಲು ಇನ್ನೊಂದು ಗಂಟೆ ಇರುತ್ತದೆ. ಮೊಬೈಲಿನ ಆ್ಯಪು ಕಡಲಂಚಿನ ಲೆಕ್ಕ ಕೊಡುತ್ತದೆ, ಎದುರಿಗಿರುವ ಗುಡ್ಡ ಅದಕ್ಕೆ ತಿಳಿಯದು.

ಇನ್ನು ಕಾಲ. ಆಷಾಢ ಶ್ರಾವಣದಲ್ಲಿ ನೀರು ಭರ್ತಿ, ಸೂರ್ಯನ ಸುಳಿವಿಲ್ಲ. ಎಷ್ಟೋ ದಿನ ಜೋಗವೇ ಮಂಜಿನೊಳಗೆ ಮುಳುಗಿ ಬರೀ ಸದ್ದು ಕೇಳಿಸುತ್ತದೆ. ಮಾಘ ಫಾಲ್ಗುಣಕ್ಕೆ ಸೂರ್ಯ ದಿನವೂ ಹಾಜರು, ನೀರು ಮಾತ್ರ ಬಂಡೆಗೆ ಅಂಟಿದ ದಾರದಂತೆ. ಎರಡೂ ಕೂಡಿ ಬರುವುದು ಸೆಪ್ಟೆಂಬರ್ ಕೊನೆಯ ವಾರದಿಂದ ನವೆಂಬರ್ ಮುಗಿಯುವವರೆಗಿನ ಎರಡು ತಿಂಗಳು ಮಾತ್ರ. ಶಿರಸಿಯ ಸೀಮೆಯಲ್ಲಿ ಸೆಪ್ಟೆಂಬರ್ ಕೊನೆಗೆ 6:25ರ ಹೊತ್ತಿಗೆ, ಅಕ್ಟೋಬರ್ ನಡುವೆ 6:10ಕ್ಕೆ, ನವೆಂಬರ್ ನಡುವೆ 6ಕ್ಕೆ ಸೂರ್ಯ ಮುಳುಗುತ್ತಾನೆ. ಅಕ್ಟೋಬರಿನಲ್ಲಿ ಮಧ್ಯಾಹ್ನ ದಾಟಿದ ಮೇಲೆ ಗುಡುಗಿನ ಮಳೆ ಬರುವುದುಂಟು, ಹಾಗಾಗಿ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಬನ್ನಿ. ನನ್ನ ಲೆಕ್ಕಕ್ಕೆ ನವೆಂಬರಿನ ಮೊದಲ ಎರಡು ವಾರ ಎಲ್ಲಕ್ಕಿಂತ ಹಿತ. ಮಳೆ ತೊಳೆದಿಟ್ಟ ಆಕಾಶ, ಹಳ್ಳಗಳಲ್ಲಿ ಇನ್ನೂ ಇಳಿಯದ ನೀರು, ರಕ್ತ ಹೀರುವ ಉಂಬಳವೂ (ಕಾಡಿನ ಜಿಗಣೆ) ಅಷ್ಟಾಗಿ ಇರುವುದಿಲ್ಲ.

ಉಂಚಳ್ಳಿ

ಕಾಡಿನ ನಡಿಗೆಯೂ ಜೋಗವೂ ಬೇಕೆನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಇದು. ಶಿರಸಿಯಲ್ಲೇ ಹುಟ್ಟುವ ಅಘನಾಶಿನಿ ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಹತ್ತಿರ 116 ಮೀಟರ್ ಕೆಳಗೆ ಹಾರುತ್ತದೆ. ನಮ್ಮ ಕಡೆ ಇದಕ್ಕೆ ಕೆಪ್ಪ ಜೋಗ ಎಂದೇ ಹೆಸರು. ಮಳೆಗಾಲದಲ್ಲಿ ಅದರ ಎದುರು ನಿಂತರೆ ಪಕ್ಕದವನ ಮಾತು ತುಟಿ ನೋಡಿಯೇ ತಿಳಿಯಬೇಕು. ಲುಷಿಂಗ್ಟನ್ ಫಾಲ್ಸ್ ಎಂಬ ಇನ್ನೊಂದು ಹೆಸರನ್ನೂ ಬೋರ್ಡುಗಳಲ್ಲಿ ಕಾಣುತ್ತೀರಿ. 1845ರಲ್ಲಿ ಆ ಹೆಸರಿನ ಬ್ರಿಟಿಷ್ ಕಲೆಕ್ಟರ್ ಇದನ್ನು ಕಂಡುಹಿಡಿದನಂತೆ. ಹೆಗ್ಗರಣೆಯವರು ಅದನ್ನು ಯಾವಾಗ ಕಳೆದುಕೊಂಡಿದ್ದರು ಎಂದು ಯಾರೂ ಹೇಳುವುದಿಲ್ಲ.

ಶಿರಸಿಯಿಂದ 30ಕ್ಕೂ ಹೆಚ್ಚು ಕಿ.ಮೀ. ದಾರಿ, ಹೆಗ್ಗರಣೆಯಿಂದ ಮುಂದೆ ಸುಮಾರು 5 ಕಿ.ಮೀ. ಕಾರು, ಬೈಕು ಹತ್ತಿರದವರೆಗೆ ಹೋಗುತ್ತವೆ, ಅಲ್ಲಿಂದ ಮೆಟ್ಟಿಲಿಳಿದು ಕಂಬಿ ಕಟ್ಟಿದ ವೀಕ್ಷಣಾ ಕಟ್ಟೆಗೆ ಬರಬೇಕು. ನಡಿಗೆಯೇ ಬೇಕೆನ್ನುವವರು ಹೆಗ್ಗರಣೆಯ ಆಚೆ ಎಲ್ಲಾದರೂ ಗಾಡಿ ಬಿಟ್ಟು ನಡೆಯಿರಿ. ಅಡಿಕೆ ತೋಟ ಮುಗಿದು, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಬರುತ್ತದೆ, ಸೊಪ್ಪಿನ ಬೆಟ್ಟ ಮುಗಿಯುವಲ್ಲಿ ದಟ್ಟ ಕಾಡು ಶುರು. ಬೈನೆ, ಮುರುಗಲು, ರಾಮಪತ್ರೆ, ಉಪ್ಪಾಗೆ. ಮಧ್ಯಾಹ್ನ 3ಕ್ಕೂ ನೆಲಕ್ಕೆ ಬೀಳುವ ಬಿಸಿಲು ಕಾಸಿನಗಲದ ಚುಕ್ಕಿಗಳಷ್ಟೇ. ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿ.ಮೀ. ಕಾಡನ್ನು 2011ರಲ್ಲಿ ಸಿಂಗಳೀಕಕ್ಕಾಗಿಯೇ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದ್ದಾರೆ. ಮುಖದ ಸುತ್ತ ಬಿಳಿ ಕೇಸರ, ಮೈಯೆಲ್ಲ ಕಪ್ಪು, ಸಿಂಹದ ಬಾಲದಂತೆ ತುದಿಗೆ ಕುಚ್ಚಿರುವ ಆ ಮಂಗ ಮರದಿಂದ ಇಳಿಯುವುದೇ ಅಪರೂಪ. ಗಲಾಟೆ ಮಾಡುತ್ತ ಹೋದರೆ ಕಾಣಿಸದು. ಕಂಡರೂ ಚಿಪ್ಸ್ ಎಸೆಯಬೇಡಿ, ಹಾಗೆ ಎಸೆದೇ ರಸ್ತೆ ಬದಿಯ ಮಂಗಗಳ ಬುದ್ಧಿ ಕೆಟ್ಟಿದೆ.

ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಹಾಗಾಗಿ ಉಂಚಳ್ಳಿಯ ನೀರು ಪೂರಾ ಮಳೆಯ ಲೆಕ್ಕ. ಹಿಂದಿನ ವಾರ ಶಿರಸಿಯ ಕಡೆ ಚೆನ್ನಾಗಿ ಮಳೆ ಬಿದ್ದಿದೆಯೆಂದರೆ ಜೋಗವೂ ಚೆನ್ನಾಗಿದೆ ಎಂದೇ ಅರ್ಥ. ಶರಾವತಿಯ ದೊಡ್ಡ ಜೋಗದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಲಿಂಗನಮಕ್ಕಿಯ ಗೇಟು ತೆಗೆದಿದ್ದಾರೋ ಇಲ್ಲವೋ ಎಂದು ಪೇಪರು ನೋಡಬೇಕು.

ಆದರೆ ಉಂಚಳ್ಳಿಯಲ್ಲಿ ಸೂರ್ಯಾಸ್ತ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಣಿವೆ ಆಳ, ತಳ ಬೇಗ ಕಪ್ಪಾಗುತ್ತದೆ. ಒಂದು ನವೆಂಬರಿನಲ್ಲಿ ನಾನು, ನನ್ನ ಭಾವ ಇಬ್ಬರೂ "ಸೂರ್ಯಾಸ್ತಕ್ಕೆ ಹೋಗೋಣ" ಎಂದು 5 ದಾಟಿದ ಮೇಲೆ ಅಲ್ಲಿಗೆ ಮುಟ್ಟಿದೆವು. ದಾರಿಯಲ್ಲಿ ತೋಟದಿಂದ ಬರುತ್ತಿದ್ದ ಹಿರಿಯರೊಬ್ಬರು ಹೊರೆ ಇಳಿಸಿ ನಿಂತು, "ತಮಾ, ಈಗ ಇಳದ್ರೆ ಹತ್ತದು ಯಾವಾಗ್ಲೋ?" ಎಂದರು. ನಾವು ನಕ್ಕು ಇಳಿದೆವು. ಕೆಳಗೆ ಹೋದಾಗ ಜೋಗದ ನೆತ್ತಿಯ ಎರಡಾಳು ಎತ್ತರಕ್ಕೆ ಮಾತ್ರ ಹಳದಿ ಬಿಸಿಲಿತ್ತು, ಉಳಿದದ್ದೆಲ್ಲ ಬೂದಿ ಬಣ್ಣ. ಹತ್ತು ನಿಮಿಷಕ್ಕೆ ಅದೂ ಹೋಯಿತು. ಹತ್ತುವಾಗ ಭಾವನ ಬ್ಯಾಟರಿ ಮಿಣಮಿಣ ಎಂದು ಸತ್ತಿತು, ನನ್ನ ಫೋನಿನಲ್ಲಿ ಉಳಿದಿದ್ದದ್ದು ಒಂಬತ್ತು ಪರ್ಸೆಂಟು. ಪಾಚಿ ಹಿಡಿದ ಮೆಟ್ಟಿಲ ಮೇಲೆ ಒಬ್ಬನ ಹಿಂದೆ ಒಬ್ಬ ಕೈಯೂರಿಕೊಂಡು ಬಂದೆವು. ತಪ್ಪು ಪೂರ್ತಿ ನಮ್ಮದೇ. ಮಾರನೆಯ ವಾರ ಅದೇ ಜಾಗಕ್ಕೆ ಮಧ್ಯಾಹ್ನ 3ಕ್ಕೆ ಹೋಗಿ 4:30ರ ತನಕ ಕೂತೆವು. ಬೇರೆಯೇ ಊರಿಗೆ ಬಂದಂತಿತ್ತು.

ಹಾಗಾಗಿ ಉಂಚಳ್ಳಿಗೆ ಹೋಗುವವರು 2:30ರ ಹೊತ್ತಿಗೆ ಕಟ್ಟೆಯಲ್ಲಿರಿ, 4:30ಕ್ಕೆ ಏಳಿ. ಇಳಿಯಲು ಹಿಡಿದ ಹೊತ್ತಿನ ದುಪ್ಪಟ್ಟು ಹತ್ತಲು ಬೇಕು. ಮಂಡಿ ನೋವಿನವರು, ಮೂರು ನಾಲ್ಕು ವರ್ಷದ ಮಕ್ಕಳನ್ನು ಎತ್ತಿಕೊಳ್ಳಬೇಕಾದವರು ಮುಂದಿನದನ್ನು ಓದಿ.

ಮಾಗೋಡು ಮತ್ತು ಜೇನುಕಲ್ಲು ಗುಡ್ಡ

ಇವೆರಡನ್ನು ಒಂದೇ ಆಯ್ಕೆ ಎಂದು ಲೆಕ್ಕ ಹಿಡಿಯಿರಿ. ಒಂದನ್ನೇ ನೋಡಿ ಬರುವುದು ಊಟದಲ್ಲಿ ಸಾರು ಬಿಟ್ಟು ಎದ್ದಂತೆ. ಯಲ್ಲಾಪುರದಿಂದ ಸುಮಾರು 20 ಕಿ.ಮೀ. ದೂರದಲ್ಲಿ ಬೇಡ್ತಿ ಹೊಳೆ ಎರಡು ಹಂತವಾಗಿ ಸುಮಾರು 200 ಮೀಟರ್ ಇಳಿಯುತ್ತದೆ. ಅದೇ ಮಾಗೋಡು. ಕೆಳಗೆ ಹೋದ ಮೇಲೆ ಇದೇ ಹೊಳೆ ಗಂಗಾವಳಿಯಾಗಿ ಅಂಕೋಲೆಯ ಹತ್ತಿರ ಕಡಲು ಸೇರುತ್ತದೆ. ಕಾಡು ಮಾಗೋಡಿನ ಸುತ್ತಲೂ ದಟ್ಟವಾಗಿದೆ. ಆದರೆ ನೀವು ಅದರೊಳಗೆ ನಡೆಯುವುದಿಲ್ಲ, ಅಂಚಿನಲ್ಲಿ ನಿಂತು ನೋಡುತ್ತೀರಿ. ಗಾಡಿ ನಿಲ್ಲಿಸಿದ ಜಾಗದಿಂದ ವೀಕ್ಷಣಾ ಕಟ್ಟೆಗೆ ನಡಿಗೆ ಅಲ್ಪ. ಉಂಚಳ್ಳಿಯಲ್ಲಿ ಜೋಗ ನಿಮ್ಮ ಎದೆಗೆ ಬಂದು ಬಡಿಯುತ್ತದೆ. ಇಲ್ಲಿ ಅದು ಕಣಿವೆಯಾಚೆ ದೂರ ನಿಂತು ಮಾತಾಡುತ್ತದೆ. ಕೆಲವರಿಗೆ ಈ ದೂರವೇ ಇಷ್ಟ. ನನಗೆ ಅಷ್ಟಾಗಿ ಅಲ್ಲ.

ಬೇಡ್ತಿಯೂ ಇಲ್ಲಿ ಕಟ್ಟೆಯಿಲ್ಲದ ಹೊಳೆ. ಕಟ್ಟುವ ಯೋಜನೆಯಿತ್ತು. ತೋಟ, ಕಾಡು ಮುಳುಗುತ್ತದೆಂದು ಶಿರಸಿ, ಯಲ್ಲಾಪುರದ ರೈತರು 1980ರ ಆಸುಪಾಸಿನಲ್ಲಿ ಎದ್ದು ನಿಂತರು, ಯೋಜನೆ ನಿಂತುಹೋಯಿತು. ಮಾಗೋಡಿನಲ್ಲಿ ನಿಂತಾಗ ನನಗೆ ಅದು ನೆನಪಾಗದೆ ಹೋಗುವುದಿಲ್ಲ. ಅಂದು ಮೀಟಿಂಗಿಗೆ ಹೋಗಿ ಬಂದವರು ನಮ್ಮ ಜಗಲಿಯಲ್ಲಿ ಕವಳ (ಎಲೆಯಡಿಕೆ) ಹಾಕುತ್ತ ಕೂತಿರುತ್ತಿದ್ದುದು ಚಿಕ್ಕವನಾಗಿ ನೋಡಿದ್ದು.

ಜೇನುಕಲ್ಲು ಗುಡ್ಡ ಮಾಗೋಡಿನಿಂದ ಕೆಲವೇ ಕಿ.ಮೀ. ದೂರ. ನಮ್ಮ ಘಟ್ಟದ ಮೇಲಿನ ಸೂರ್ಯಾಸ್ತಗಳಲ್ಲಿ ಇದಕ್ಕೆ ಮೊದಲ ಮಣೆ. ನೆತ್ತಿಯ ಕಟ್ಟೆಯಲ್ಲಿ ನಿಂತರೆ ಕಾಲಡಿಯಿಂದಲೇ ಕಣಿವೆ ಬಾಯಿ ತೆರೆಯುತ್ತದೆ. ತಳದಲ್ಲಿ ಬೇಡ್ತಿ ಬೆಳ್ಳಿಯ ಉಡಿದಾರದಷ್ಟು ಸಣ್ಣಗೆ, ಅದರಾಚೆ ಒಂದರ ಹಿಂದೊಂದು ಗುಡ್ಡದ ಸಾಲು. ಹತ್ತಿರದ್ದು ಹಸಿರು, ಅದರ ಹಿಂದಿನದು ನೀಲಿ, ಕೊನೆಯದು ಹೊಗೆಯೋ ಗುಡ್ಡವೋ ಹೇಳಲಾಗದು. ಸೂರ್ಯ ಆ ಕೊನೆಯ ಸಾಲಿಗೆ ಇಳಿಯುತ್ತಾನೆ. ಕೆಳಗೆ ಗೆರೆ ಎಳೆದಂತೆ ನೀರು ಕಾಣುತ್ತದೆ, ಜೋಗದ ಅಬ್ಬರ ಇಲ್ಲ. ಜೋಗವೆಂದೇ ಬಂದವರಿಗೆ ಇಲ್ಲಿ ನಿರಾಸೆ, ಸೂರ್ಯನಿಗೆಂದು ಬಂದವರಿಗೆ ಹಬ್ಬ.

ಹೊತ್ತು ಹೀಗೆ ಹಂಚಿಕೊಳ್ಳಿ: ನವೆಂಬರಿನಲ್ಲಾದರೆ 3:30ಕ್ಕೆ ಮಾಗೋಡು, 4:45ಕ್ಕೆ ಅಲ್ಲಿಂದ ಏಳುವುದು, 5:15ಕ್ಕೆ ಜೇನುಕಲ್ಲಿನಲ್ಲಿ ಜಾಗ ಹಿಡಿದು ಕೂರುವುದು. ನಡುವೆ ಹೊತ್ತು ಉಳಿದರೆ ಕವಡಿಕೆರೆಯ ದಂಡೆಯಲ್ಲಿ ಕಾಲಾಡಿಸಿ ಬನ್ನಿ. ಮಂಡಿ ಸವೆದವರಿಗೂ ಈ ಸಂಜೆ ದಕ್ಕುತ್ತದೆ. ಎಂಬತ್ತು ದಾಟಿದ ನಮ್ಮ ದೊಡ್ಡಮ್ಮನನ್ನು ಕರೆದುಕೊಂಡು ಹೋಗಿದ್ದೆವು. ನಾವೆಲ್ಲ ಫೋಟೋ ಹೊಡೆಯುತ್ತ ಉಸಿರು ಬಿಗಿ ಹಿಡಿದು ನಿಂತಿದ್ದರೆ ಅವಳು ಸೆರಗು ಹೊದ್ದು, "ಸೂರ್ಯ ನಮ್ಮನೆ ಅಂಗಳದಲ್ಲೂ ಮುಳುಗ್ತಾ ಅಲ್ದ ತಮಾ, ಇಲ್ಲಿವರೆಗೆ ಎಂತಕ್ಕೆ ಬರವು?" ಎಂದಳು. ಎರಡು ನಿಮಿಷ ಬಿಟ್ಟು, ಎದ್ದು ಹೊರಟ ನಮ್ಮನ್ನು ತಡೆದು ಕೂರಿಸಿದವಳೂ ಅವಳೇ. ಅವಳ ಆ ತಡೆ ಸರಿಯಾಗಿತ್ತು. ಸೂರ್ಯ ಮರೆಯಾದ ಕೂಡಲೇ ಮುಕ್ಕಾಲು ಜನ ಗಾಡಿ ಹತ್ತುತ್ತಾರೆ. ಬಣ್ಣ ಏರುವುದು ಆಮೇಲಿನ ಹತ್ತು ಹದಿನೈದು ನಿಮಿಷದಲ್ಲಿ. ಗುಡ್ಡದ ನೆತ್ತಿ ಬಯಲಾದ್ದರಿಂದ ಅಷ್ಟು ಹೊತ್ತು ಕಾಯಲು ಧೈರ್ಯವೂ ಬರುತ್ತದೆ.

ಶಿರಸಿಯಿಂದ ಯಲ್ಲಾಪುರಕ್ಕೇ 50 ಕಿ.ಮೀ. ಆಗುವುದರಿಂದ ಶಿರಸಿಯಲ್ಲಿ ಉಳಿದು ಹೋಗಿ ಬರುವುದು ದೂರ. ಹುಬ್ಬಳ್ಳಿ ಕಡೆಯಿಂದ ಬರುವವರಿಗೆ ಮಾತ್ರ ಇದೇ ಹತ್ತಿರ, ರಾತ್ರಿ ಊಟಕ್ಕೆ ಮನೆ ಸೇರಬಹುದು.

ಅಪ್ಸರಕೊಂಡ

ಘಟ್ಟದ ಕೆಳಗಿನವರು ನಾನು ಇಷ್ಟು ಹೊತ್ತು ಹೇಳಿದ್ದನ್ನು ಓದಿ ನಗುತ್ತಿರಬಹುದು. ಅವರಿಗೆ ಈ ತೊಡಕೇ ಇಲ್ಲ. ಹೊನ್ನಾವರದಿಂದ ಶರಾವತಿ ಸೇತುವೆ ದಾಟಿ ಕಾಸರಕೋಡಿನ ಕಡೆ ಸುಮಾರು 8 ಕಿ.ಮೀ. ಹೋದರೆ ಅಪ್ಸರಕೊಂಡ. ಗುಡ್ಡದ ಬುಡದಲ್ಲಿ ಹತ್ತು ಮೀಟರಿನಷ್ಟು ಎತ್ತರದಿಂದ ಬೀಳುವ ಪುಟ್ಟ ಅಬ್ಬಿ, ಅಪ್ಸರೆಯರು ಮೀಯಲು ಬರುತ್ತಿದ್ದರೆಂಬ ಕೊಂಡ, ಪಕ್ಕದಲ್ಲಿ ಪಾಂಡವರ ಗುಹೆಗಳೆಂದು ಕರೆಯುವ ಪೊಟರೆಗಳು, ಮೇಲೆ ದೇವಸ್ಥಾನ. ಗುಡ್ಡದ ನೆತ್ತಿಗೆ ಹೋದರೆ ಎದುರಿಗೆ ಇಡೀ ಅರಬ್ಬಿ ಸಮುದ್ರ. ಸೂರ್ಯನಿಗೂ ನಿಮಗೂ ನಡುವೆ ಗುಡ್ಡವಿಲ್ಲ, ಪಂಚಾಂಗ ಹೇಳಿದ ಹೊತ್ತಿಗೇ ಮುಳುಗುತ್ತಾನೆ. ನೀರು, ನೆರಳು, ಕಡಲಿನ ಸೂರ್ಯಾಸ್ತ ಮೂರೂ ಕಾಲು ಗಂಟೆಯ ನಡಿಗೆಯೊಳಗೆ ಸಿಗುವ ಜಾಗ ನನಗೆ ಗೊತ್ತಿರುವಂತೆ ಜಿಲ್ಲೆಯಲ್ಲಿ ಇದೊಂದೇ.

ಹಾಗಾದರೆ ಎಲ್ಲರನ್ನೂ ಇಲ್ಲಿಗೇ ಕಳಿಸಬಾರದೇಕೆ? ಇದು ಕಾಡಿನ ನಡಿಗೆಯಲ್ಲ, ಮರದ ನೆರಳಿನ ಓಡಾಟ. ಅಬ್ಬಿಯೂ ಮನೆಯಂಗಳದ ಮಗುವಿನಷ್ಟು ಮೃದು. ಉಂಚಳ್ಳಿ ನೋಡಿದ ಕಣ್ಣಿಗೆ ಇದು ಕೊಳಾಯಿ ಬಿಟ್ಟಂತೆ ಕಂಡೀತು. ಭಾನುವಾರ ಸಂಜೆ ನೆತ್ತಿಯ ತುಂಬ ಜನ. ನವೆಂಬರ್ ದಾಟಿದ ಮೇಲೆ ಕಡಲ ಮೇಲೆ ಮಬ್ಬು ಕವಿದು ಸೂರ್ಯ ನೀರು ಮುಟ್ಟುವ ಮೊದಲೇ ಕರಗಿಬಿಡುವುದೂ ಉಂಟು. ಆದರೆ ಅಜ್ಜ, ಅಜ್ಜಿ, ಎತ್ತಿಕೊಳ್ಳುವ ಕೂಸು, ತಕರಾರಿನ ಹದಿಹರೆಯದವರು ಎಲ್ಲರನ್ನೂ ಒಂದೇ ಗಾಡಿಯಲ್ಲಿ ತುಂಬಿಕೊಂಡು ಹೋಗುವವರಿಗೆ ಎರಡನೇ ಯೋಚನೆ ಬೇಡ. ಹತ್ತಿರದ ಕಾಸರಕೋಡು ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ, ಚೊಕ್ಕಟವಾಗಿದೆ. ಮಕ್ಕಳನ್ನು ಮೊದಲು ಅಲ್ಲಿ ಆಡಿಸಿ 5ರ ಮೇಲೆ ಗುಡ್ಡಕ್ಕೆ ಬನ್ನಿ. ಮಳೆ ನಿಂತು ಒಂದೆರಡು ತಿಂಗಳಿಗೆ ಅಬ್ಬಿ ಸೊರಗುತ್ತದೆ, ಸೂರ್ಯಾಸ್ತ ಮಾತ್ರ ಮೇ ತಿಂಗಳ ತನಕವೂ ಉಂಟು.

ಉಳಿದವು

ಸಾತೊಡ್ಡಿ ಯಲ್ಲಾಪುರದ ಕಡೆಯ ಇನ್ನೊಂದು ಜನಪ್ರಿಯ ಹೆಸರು. ಸುಮಾರು 15 ಮೀಟರಿನ, ಅಗಲವಾದ, ಹತ್ತಿರ ಹೋಗಿ ನೋಡುವ ಜೋಗ. ಇದರ ನೀರು ಕೊಡಸಳ್ಳಿ ಹಿನ್ನೀರಿಗೆ ಸೇರುತ್ತದೆ. ದಾರಿಯ ಕಾಡು ಮಾಗೋಡಿನದಕ್ಕಿಂತ ಚೆಂದ, ನಡಿಗೆಯೂ ಹದವಾಗಿದೆ. ಆದರೆ ಜೋಗ ಕಾಡಿನ ಬಟ್ಟಲೊಳಗಿದೆ, ಇಳಿಬಿಸಿಲು ಅಲ್ಲಿಗೆ ಬರುವುದೇ ಕಡಿಮೆ. ಬೆಳಿಗ್ಗೆಯ ಜಾಗ ಅದು, ಸಂಜೆಯದಲ್ಲ. ಯಾಣಕ್ಕೆ ಹೋದವರು ನೋಡಿ ಬರುವ ವಿಭೂತಿಯೂ ಹಾಗೆಯೇ. ಸುಣ್ಣಕಲ್ಲಿನ ಬಿಳುಪು, ಮೀಯಲು ತಂಪು ನೀರು, ಸೂರ್ಯ ಮಾತ್ರ ಲೆಕ್ಕಕ್ಕಿಲ್ಲ.

ಶಿವಗಂಗೆಯ ಹೆಸರು ಹೊರಗಿನವರು ಕೇಳಿರುವುದು ಕಡಿಮೆ. ಶಿರಸಿಯಿಂದ ಹುಲೇಕಲ್ ದಾಟಿ ಜಡ್ಡಿಗದ್ದೆಯ ಕಡೆ ಹೋಗಬೇಕು. 74 ಮೀಟರ್ ಎತ್ತರ. ಜನ ಬೇಡ, ಅಂಗಡಿ ಬೇಡ, ಸದ್ದು ನೀರಿನದ್ದೊಂದೇ ಸಾಕು ಎನ್ನುವವರಿಗೆ ಹೇಳುತ್ತೇನೆ, ಉಳಿದವರಿಗೆ ಹೇಳುವುದಿಲ್ಲ. ದೇವಿಮನೆ ಘಟ್ಟದ ಬೆಣ್ಣೆಹೊಳೆ ಹೆಸರಿಗೆ ತಕ್ಕ ಹಾಗಿದೆ, ಆದರೆ ಶಿರಸಿ–ಕುಮಟಾ ರಸ್ತೆ ಅಗಲೀಕರಣದ ಕೆಲಸಕ್ಕೆ, ಮಳೆಗಾಲದ ಕುಸಿತಕ್ಕೆ ಮುಚ್ಚುವುದುಂಟು. ಹೊರಡುವ ಮೊದಲು ವಿಚಾರಿಸಿ.

ಕಾರವಾರದ ಹತ್ತಿರ ಚೆಂಡಿಯೆಯ ನಾಗರಮಡಿ ಬಂಡೆಗಳ ಸಂದಿಯಲ್ಲಿ ಬೀಳುವ ಜೋಗ. ಮಳೆಯ ದಿನ ಅದರ ಹೆಸರೇ ಎತ್ತಬೇಡಿ. 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ಬಂದಿದ್ದ ಪ್ರವಾಸಿಗರು ಅಲ್ಲಿ ಏಕಾಏಕಿ ಏರಿದ ನೀರಿಗೆ ಕೊಚ್ಚಿಹೋದರು. ಮೇಲೆ ಘಟ್ಟದಲ್ಲಿ ಮಳೆ ಸುರಿದರೆ ಕೆಳಗೆ ಬಿಸಿಲಿದ್ದರೂ ಹಳ್ಳ ಉಕ್ಕುತ್ತದೆ. ನೀರಿನ ಬಣ್ಣ ಕೆಂಪಾಯಿತೋ, ತರಗೆಲೆ ಕಡ್ಡಿ ತೇಲಿ ಬರತೊಡಗಿತೋ, ಚಪ್ಪಲಿ ಹುಡುಕುತ್ತ ಕೂರದೆ ದಡ ಹತ್ತಿ.

ಇನ್ನು ದೊಡ್ಡ ಜೋಗ. ಅದನ್ನು ಶಿವಮೊಗ್ಗದವರಿಗೆ ಬಿಟ್ಟುಕೊಟ್ಟಿದ್ದೇವೆ, ಆದರೂ ಸಿದ್ದಾಪುರದ ಕಡೆಯ ದಂಡೆ ನಮ್ಮದೇ. ಆ ದಂಡೆಯಲ್ಲಿ ಹಳೆಯ ಬಾಂಬೆ ಬಂಗಲೆಯಿದೆ, ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದ್ದು. 253 ಮೀಟರಿನ ಜೋಗಕ್ಕೆ ನಾನೇನು ಶಿಫಾರಸು ಮಾಡಲಿ?

ಕತ್ತಲೆಯ ಲೆಕ್ಕ

ನಮ್ಮ ಕಡೆ ಸೂರ್ಯ ಮುಳುಗಿದ ಮೇಲೆ ಮುಸ್ಸಂಜೆ ಇರುವುದು ಇಪ್ಪತ್ತು ಇಪ್ಪತ್ತೆರಡು ನಿಮಿಷ. ಅದೂ ಬಯಲಿನಲ್ಲಿ. ಮರದಡಿಯಲ್ಲಿ ಜೀರುಂಡೆ ಕೂಗು ಶುರುವಾಯಿತೆಂದರೆ ಹೆಜ್ಜೆ ಕಾಣದ ಕತ್ತಲೆಗೆ ಹತ್ತೇ ನಿಮಿಷ. ತಮಾಷೆಯೆಂದರೆ ಹೊರಗಿನವರು ಹೆಚ್ಚು ಬರುವುದು ದೀಪಾವಳಿ ರಜೆಯಲ್ಲಿ, ಅಂದರೆ ಅಮಾವಾಸ್ಯೆಯ ಆಸುಪಾಸಿನಲ್ಲಿ. ತಿಂಗಳಲ್ಲೇ ಕಪ್ಪಾದ ರಾತ್ರಿಗಳು ಅವು. ಎರಡು ವಾರ ಹಿಂದೆ ಭೂಮಿ ಹುಣ್ಣಿಮೆಗೆ ಬನ್ನಿ, ಇಲ್ಲವೇ ಎರಡು ವಾರ ತಡೆದು ಕಾರ್ತಿಕದ ಹುಣ್ಣಿಮೆಗೆ. ಹುಣ್ಣಿಮೆಯ ದಿನ ಸೂರ್ಯ ಪಡುವಣದಲ್ಲಿ ಇಳಿಯುವ ಹೊತ್ತಿಗೇ ಚಂದ್ರ ಮೂಡಣದಲ್ಲಿ ಏರುತ್ತಾನೆ. ಜೇನುಕಲ್ಲಿನ ನೆತ್ತಿಯಲ್ಲಿ ತಿರುಗಿ ನಿಂತರೆ ಎರಡೂ ಸಿಗುತ್ತವೆ, ಇಳಿಯುವ ದಾರಿಗೆ ಬೆಳಕೂ ಆಯಿತು. ಉಂಚಳ್ಳಿಯ ಮರದಡಿಗೆ ಹುಣ್ಣಿಮೆಯೂ ತಲುಪದು, ಅಲ್ಲಿ ಬ್ಯಾಟರಿಯೇ ಗತಿ. ತಲೆಗೊಂದು ಬ್ಯಾಟರಿ, ಮೊಬೈಲು ಲೆಕ್ಕಕ್ಕಿಲ್ಲ.

ಅರಣ್ಯ ಇಲಾಖೆಯ ಗೇಟಿರುವ ಕಡೆ ಸಂಜೆ ಒಳಗೆ ಬಿಡುವುದಿಲ್ಲ, ಇದ್ದವರನ್ನೂ ಎಬ್ಬಿಸುತ್ತಾರೆ. ಹೊತ್ತು ಜಾಗದಿಂದ ಜಾಗಕ್ಕೆ, ಕಾಲದಿಂದ ಕಾಲಕ್ಕೆ ಬೇರೆ. ಒಳಗೆ ಹೋಗುವಾಗಲೇ ಗಾರ್ಡನ್ನು ಕೇಳಿಕೊಳ್ಳಿ, ಆಮೇಲೆ ಜಗಳಕ್ಕೆ ನಿಲ್ಲಬೇಡಿ. ಬಸ್ಸು ನೆಚ್ಚಿಕೊಂಡು ಸಂಜೆಯ ಯೋಜನೆ ಹಾಕುವುದೂ ಬೇಡ. ಹೋಗುವಾಗ ಸಿಕ್ಕ ಬಸ್ಸು ಬರುವಾಗ ಸಿಗುತ್ತದೆಂಬ ಖಾತ್ರಿ ಹಳ್ಳಿಯ ರೂಟಿನಲ್ಲಿಲ್ಲ. ನೆಟ್‌ವರ್ಕೂ ಅಷ್ಟೇ, ನಕ್ಷೆಯನ್ನು ಊರಲ್ಲೇ ಇಳಿಸಿಕೊಳ್ಳಿ.

ಉಂಬಳಕ್ಕೆ ಅಂಗಡಿಯ ಸ್ಪ್ರೇಗಿಂತ ಕವಳದ ಸಂಚಿಯ ಸುಣ್ಣವೇ ವಾಸಿ. ಬೆರಳ ತುದಿಯಲ್ಲಿ ಮುಟ್ಟಿಸಿದರೆ ತಾನಾಗಿ ಕಳಚಿ ಬೀಳುತ್ತದೆ. ಕಿತ್ತು ಎಳೆಯಬೇಡಿ, ಗಾಯ ವಾರಗಟ್ಟಲೆ ತುರಿಸುತ್ತದೆ. ಉಂಬಳ ರಕ್ತ ಕುಡಿದು ಹೋಗುತ್ತದೆ ಅಷ್ಟೇ, ನಿಜವಾಗಿ ಹೆದರಬೇಕಾದದ್ದು ಉಣುಗಿಗೆ, ಅಂದರೆ ಕಾಡಿನ ಉಣ್ಣೆಗೆ. ಡಿಸೆಂಬರ್ ಕಳೆದು ಮೇ ತನಕ ಮಂಗನ ಕಾಯಿಲೆಯ ಕಾಲ, ಸಿದ್ದಾಪುರ ಸೀಮೆಯಲ್ಲಿ ಅದರ ಕಾಟ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದರಿಂದ ಆ ಊರಿನ ಹೆಸರೇ ಕಾಯಿಲೆಗೆ ಅಂಟಿದೆ. ಉಣುಗು ಕಚ್ಚಿ ಹರಡುವ ಜ್ವರ, ಜೀವಕ್ಕೂ ಅಪಾಯ ತರಬಹುದು. ಮಂಗ ಸತ್ತ ಸುದ್ದಿಯಿರುವ ಕಾಡಿಗೆ ಆ ತಿಂಗಳುಗಳಲ್ಲಿ ಹೋಗಲೇಬಾರದು. ಬೇರೆ ಕಡೆ ಹೋಗುವುದಾದರೂ ಉಣುಗನ್ನು ದೂರವಿಡಲು ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿ, ಮೈ ಮುಚ್ಚುವ ಬಟ್ಟೆ ಹಾಕಿ, ತರಗೆಲೆಯ ಮೇಲೆ ಕೂರಬೇಡಿ, ಮನೆಗೆ ಬಂದ ಕೂಡಲೇ ಬಿಸಿನೀರು ಮಿಂದು ಬಟ್ಟೆ ನೆನೆಸಿ. ಸೆಪ್ಟೆಂಬರಿನಿಂದ ನವೆಂಬರ್ ಒಳ್ಳೆಯದೆಂದು ನಾನು ಹಟ ಹಿಡಿಯಲು ಇದೂ ಒಂದು ಕಾರಣ.

ಕಳೆದ ಸಲ ಬೆಂಗಳೂರಿನ ತಮ್ಮ ಬಂದಾಗ ಇಷ್ಟೆಲ್ಲ ಹೇಳಿ ಎರಡು ಸಂಜೆ ಹಂಚಿಕೊಟ್ಟೆ. ಶನಿವಾರ ಹೆಗ್ಗರಣೆಯಿಂದ ನಡೆದು ಉಂಚಳ್ಳಿ, ಸೂರ್ಯನ ಆಸೆ ಬಿಟ್ಟು. ಭಾನುವಾರ ಮಾಗೋಡು ನೋಡಿಕೊಂಡು ಜೇನುಕಲ್ಲು, ಜೋಗದ ಆಸೆ ಬಿಟ್ಟು. "ಒಂದೇ ದಿನಕ್ಕೆ ಆಗೋದಿಲ್ವಾ ಅಣ್ಣಾ?" ಎಂದ. ಆಗುವುದಾದರೆ ಅಪ್ಸರಕೊಂಡ ಅಂದೆ. ಅವನ ಹೆಂಡತಿಗೆ ಕಾಡೇ ಬೇಕಿತ್ತು, ಉಂಚಳ್ಳಿಯೇ ಗೆದ್ದಿತು. ಹೆಗ್ಗರಣೆ ದಾಟಿದ ಮೇಲೆ ಅವರ ಫೋನು ಸಿಗಲಿಲ್ಲ. 7ರ ಹೊತ್ತಿಗೆ ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ಜೋಗ ಹೇಗಿತ್ತು ಎಂದು ನಾನು ಕೇಳುವ ಮೊದಲೇ ತಮ್ಮ ಜಗಲಿಯ ಮೆಟ್ಟಿಲ ಮೇಲೆ ಕೂತು ಪ್ಯಾಂಟಿನ ಕಾಲು ಮಡಚುತ್ತ, "ಅಣ್ಣಾ, ಸುಣ್ಣದ ಡಬ್ಬಿ ಎಲ್ಲಿದ್ದು?" ಎಂದ.